‘ಕೃಪೆ: ಅಂತರ್ಜಾಲ’ ಎಂದು ಬರೆಯುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದ ಫೇಸ್‌ಬುಕ್ ಪುಟಗಳ ಅಡ್ಮಿನ್‌ಗಳಿಗೆ, ಸುದ್ದಿ ಜಾಲತಾಣಗಳ ಡೆಸ್ಕಿನವರಿಗೆ, ಯೂಟ್ಯೂಬಿನಲ್ಲಿ ಕಥೆ ಓದುವವರಿಗೆ, ಟೆಲಿಗ್ರಾಂ ಗುಂಪು ನಡೆಸುವವರಿಗೆ,

ನಮಸ್ಕಾರ.

ಒಳ್ಳೆಯ ಕನ್ನಡ ಬರಹವೊಂದು ನೂರು ಗುಂಪು ಸುತ್ತಿ ಬರುವಷ್ಟರಲ್ಲಿ ಅದರ ಬುಡಕ್ಕೆ ಒಂದು ಸಾಲು ಅಂಟಿಕೊಂಡಿರುತ್ತದೆ. ‘ಕೃಪೆ: ಅಂತರ್ಜಾಲ’, ‘ಚಿತ್ರಕೃಪೆ: ಗೂಗಲ್’, ‘ವಾಟ್ಸಾಪ್‌ನಲ್ಲಿ ಬಂದದ್ದು’, ಇಲ್ಲವೇ ‘ಸಂಗ್ರಹ’ ಎಂದು ಹಾಕಿ ಮುಂದೆ ಕಳಿಸಿದವರ ಹೆಸರು. ನಾಲ್ಕರಲ್ಲೂ ಬರೆದವರು ಕಾಣೆ. ನಾಲ್ಕನೆಯದರಲ್ಲಂತೂ ಅವರ ಜಾಗದಲ್ಲಿ ಇನ್ನೊಬ್ಬರು ಕೂತೂ ಆಗಿರುತ್ತದೆ. ಜೋಗದ ಫೋಟೊವನ್ನು ಗೂಗಲ್ ಹುಡುಕಿ ತೋರಿಸಿತು, ನಿಜ. ಆದರೆ ಮಳೆಯಲ್ಲಿ ಕ್ಯಾಮೆರಾಕ್ಕೆ ಕೊಡೆ ಹಿಡಿದು ನಿಂತವರು ಬೇರೆ ಯಾರೋ. ಅಂಚೆಯಲ್ಲಿ ಬಂದ ಕಾಗದಕ್ಕೆ ‘ಕೃಪೆ: ಅಂಚೆ ಇಲಾಖೆ’ ಎಂದು ಬರೆದರೆ ಹೇಗಿರುತ್ತದೋ ಇದೂ ಹಾಗೆಯೇ.

ಬೇಕೆಂದೇ ಕದಿಯುವವರಿಗೆ ಪತ್ರ ಬರೆದು ಪ್ರಯೋಜನವಿಲ್ಲ, ಅವರಿಗೆ ನೋಟಿಸೇ ಸರಿ. ಇದು ಇಷ್ಟಪಟ್ಟು ಹಂಚುವವರಿಗೆ. ನಿಮ್ಮಲ್ಲಿ ಹೆಚ್ಚಿನವರು ಆ ಸಾಲನ್ನು ಹಾಕುವುದೇ ಪ್ರಾಮಾಣಿಕರಾಗಿರಬೇಕು ಎಂಬ ಆಸೆಯಿಂದ. ಆದರೆ ಆ ಸಾಲು ಕಾನೂನಿನ ಮುಂದೆ ನಿಲ್ಲುವುದಿಲ್ಲ, ಬರೆದವರಿಗೂ ಅದರಿಂದ ಏನೂ ಸಲ್ಲುವುದಿಲ್ಲ.

ಮೊದಲು ಕಾನೂನು. ನಮ್ಮದು 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ; ದೊಡ್ಡ ತಿದ್ದುಪಡಿ ಬಂದದ್ದು 2012ರಲ್ಲಿ. ಬರಹ ಬರೆದಾಗಲೇ, ಫೋಟೊ ತೆಗೆದಾಗಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ವೃತ್ತದೊಳಗಿನ ಸಿ ಗುರುತೂ ಬೇಡ. ಫೇಸ್‌ಬುಕ್ಕಿನಲ್ಲಿ ‘ಪಬ್ಲಿಕ್’ ಎಂದು ಹಾಕಿದ ಪೋಸ್ಟು ಎಲ್ಲರೂ ಓದಲಿ ಎಂದು ಬಿಟ್ಟದ್ದು. ‘ಪಬ್ಲಿಕ್ ಡೊಮೇನ್’ ಎಂದರೆ ಹಕ್ಕಿನ ಅವಧಿ ಮುಗಿದದ್ದು ಅಥವಾ ಹಕ್ಕು ಬಿಟ್ಟುಕೊಟ್ಟದ್ದು. ಪದ ಒಂದೇ ಥರ ಕೇಳಿಸುತ್ತದೆ ಎಂಬುದನ್ನು ಬಿಟ್ಟರೆ ಇವೆರಡಕ್ಕೂ ನಂಟಿಲ್ಲ. ಪೋಸ್ಟು ಹಾಕುವಾಗ ಲೇಖಕರು ಪರವಾನಗಿ ಕೊಟ್ಟಿರುವುದು ಫೇಸ್‌ಬುಕ್ ಕಂಪನಿಗೆ, ನಿಮ್ಮ ಪುಟಕ್ಕಲ್ಲ. ಅಲ್ಲಿನ ‘ಶೇರ್’ ಗುಂಡಿ ಒತ್ತಿದರೆ ಮೂಲ ಪೋಸ್ಟೇ ಹೆಸರು ಸಮೇತ ಬರುತ್ತದೆ, ಅವರು ತಿದ್ದಿದರೆ ನಿಮ್ಮಲ್ಲೂ ತಿದ್ದುತ್ತದೆ, ಅಳಿಸಿದರೆ ಅಳಿಯುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಈ ಮೂರೂ ತಪ್ಪಿಹೋಗುತ್ತವೆ. ಯೂಟ್ಯೂಬ್ ವಿಡಿಯೊಗೂ ಇದೇ ಮಾತು: ಎಂಬೆಡ್ ಮಾಡಿದರೆ, ಅಂದರೆ ಮೂಲ ವಿಡಿಯೊವನ್ನೇ ನಿಮ್ಮ ಪುಟದಲ್ಲಿ ಕಾಣಿಸಿದರೆ, ವೀಕ್ಷಣೆ ಅವರ ಲೆಕ್ಕಕ್ಕೆ, ಇಳಿಸಿಕೊಂಡು ಮತ್ತೆ ಏರಿಸಿದರೆ ನಿಮ್ಮ ಲೆಕ್ಕಕ್ಕೆ.

ಕನ್ನಡ ಚಾನೆಲ್‌ಗಳ ವಿಡಿಯೊ ಕೆಳಗೆ ಒಂದು ಇಂಗ್ಲಿಷ್ ಪ್ಯಾರಾ ಅಂಟಿಸಿರುವುದನ್ನು ನೋಡಿರುತ್ತೀರಿ. 1976ರ ಕಾಪಿರೈಟ್ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಇದು ‘ಫೇರ್ ಯೂಸ್’ ಎನ್ನುತ್ತದೆ ಅದು. ಆ ಕಾಯ್ದೆ ಅಮೆರಿಕದ್ದು! ಹುಬ್ಬಳ್ಳಿಯಲ್ಲಿ ಕೂತು ಕನ್ನಡ ಕಥೆ ಓದುವವರಿಗೆ ಅದು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಅಮೆರಿಕದಲ್ಲೂ ಆ ಪ್ಯಾರಾ ಅಂಟಿಸಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ ಎನ್ನುವುದು ಬೇರೆ ಮಾತು. ನಮ್ಮಲ್ಲಿರುವುದು 52ನೇ ಸೆಕ್ಷನ್. ಅದು ನ್ಯಾಯಯುತ ಬಳಕೆಗೆ ಹೆಸರಿಸುವ ಉದ್ದೇಶಗಳು ಮೂರು: ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ. ಶಾಲಾ ಪಾಠ, ನ್ಯಾಯಾಲಯದ ತೀರ್ಪು, ಗೆಜೆಟ್ ಮುಂತಾದವಕ್ಕೆ ಬೇರೆ ವಿನಾಯಿತಿಗಳಿವೆ. ‘ಒಳ್ಳೆಯ ವಿಚಾರ ನಾಲ್ಕು ಜನರಿಗೆ ತಲುಪಲಿ’ ಎಂಬ ಉದ್ದೇಶ ಆ ಪಟ್ಟಿಯಲ್ಲಿಲ್ಲ. ‘ಹತ್ತು ಸೆಕೆಂಡು ಬಳಸಿದರೆ ಪರವಾಗಿಲ್ಲ’, ‘ಶೇಕಡ 30ರ ತನಕ ಸರಿ’ ಎಂಬ ಅಳತೆಗಳೂ ಕಾಯ್ದೆಯಲ್ಲೆಲ್ಲೂ ಇಲ್ಲ. ‘ನಾನು ದುಡ್ಡು ಮಾಡಿಲ್ಲ’ ಎಂಬುದು ಶಿಕ್ಷೆ ತಗ್ಗಿಸಲು ನೆರವಾದೀತು, ಮಾಡಿದ್ದನ್ನು ಸರಿ ಮಾಡುವುದಿಲ್ಲ. ಕಥೆಯೊಂದರ ಮೂರು ಸಾಲು ಓದಿ, ಆ ಮೂರು ಸಾಲಿನಲ್ಲಿ ಲೇಖಕಿ ಏನು ಮಾಡಿದ್ದಾರೆ ಎಂದು ಹತ್ತು ನಿಮಿಷ ಮಾತಾಡಿದರೆ ಅದು ವಿಮರ್ಶೆ. ಇಡೀ ಕಥೆಯನ್ನು 28 ನಿಮಿಷ ಓದಿ ಕೊನೆಗೆ ‘ಅದ್ಭುತ ಕಥೆ ಅಲ್ವಾ’ ಎಂದರೆ ಅದು ಮರುಪ್ರಕಟಣೆ, ಎಷ್ಟೇ ಒಳ್ಳೆಯ ಧ್ವನಿಯಾದರೂ.

‘ಅವರು ತೀರಿಹೋಗಿ ಎಷ್ಟೋ ವರ್ಷವಾಯಿತಲ್ಲ’ ಎಂಬ ಮಾತಿಗೆ ಲೆಕ್ಕ ಹೀಗಿದೆ. ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ. ಬಿ.ಎಂ. ಶ್ರೀಕಂಠಯ್ಯ, ಕೈಲಾಸಂ ಇಬ್ಬರೂ 1946ರಲ್ಲಿ ತೀರಿಕೊಂಡರು; ಅವರು ಬರೆದದ್ದು 2007ರಿಂದ ಎಲ್ಲರದು. ಗೋವಿಂದ ಪೈ, ತ್ರಿವೇಣಿ 1963ರಲ್ಲಿ ಹೋದವರು, ಆದ್ದರಿಂದ 2024ರ ಜನವರಿ 1ರಿಂದ ಮುಕ್ತ. ಫ.ಗು. ಹಳಕಟ್ಟಿಯವರದು 2025ರಿಂದ. ಆದರೆ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. ಬೆಳಗಾದರೆ ಎಲ್ಲ ಗುಂಪಿಗೂ ಬರುವ ಕಗ್ಗದ ಹಕ್ಕು 2035ರ ಡಿಸೆಂಬರ್ 31ರ ತನಕ ಇದೆ. ಒಂದು ಪದ್ಯ ಎತ್ತಿಕೊಂಡು ಅರ್ಥ ಬಿಡಿಸಿ ನಿಮ್ಮ ವಿವೇಚನೆ ಬರೆದರೆ ವಿಮರ್ಶೆಯ ಆಸರೆ ಇದೆ. 945 ಪದ್ಯಗಳನ್ನೂ ತುಂಬಿ ಜಾಹೀರಾತು ಸಮೇತ ಆ್ಯಪ್ ಮಾಡುವುದಕ್ಕೆ ಇಲ್ಲ. ಬೇಂದ್ರೆಯವರದು 2041ರ ಕೊನೆಯ ತನಕ, ಕುವೆಂಪು ಅವರದು 2054ರ ಕೊನೆಯ ತನಕ. ಲೇಖಕರು ಹೋದ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ 60 ವರ್ಷದ ಎಣಿಕೆ ಅಚ್ಚಾದಾಗಿನಿಂದ. ವಚನ ಹನ್ನೆರಡನೇ ಶತಮಾನದ್ದು, ಯಾರ ಸ್ವತ್ತೂ ಅಲ್ಲ. ಆದರೆ ಹೊಸ ಸಂಪಾದಕರ ಮುನ್ನುಡಿ, ಟಿಪ್ಪಣಿ, ಅರ್ಥ ಅವರವು, ಗಾಯಕರು ಹಾಡಿದ ಧ್ವನಿಮುದ್ರಣಕ್ಕೆ ಬೇರೆಯೇ 60 ವರ್ಷ. ಹಳೆಯ ಪುಸ್ತಕದ ಹೊಸ ಆವೃತ್ತಿಯನ್ನು ಸ್ಕ್ಯಾನ್ ಮಾಡಿ ಹಾಕುವವರು ಎಡವುವುದು ಇಲ್ಲೇ: ಪಠ್ಯ ಮುಕ್ತ, ಮುಖಪುಟ ಮತ್ತು ಪ್ರಸ್ತಾವನೆ ಅಲ್ಲ.

ಹಕ್ಕು ಮುಗಿದರೂ ಹೆಸರು ಹಾಕುವುದು ತಪ್ಪುವುದಿಲ್ಲ. ಇದನ್ನು ಕನ್ನಡಿಗರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ವಚನಕಾರರೂ ದಾಸರೂ ಅಂಕಿತವನ್ನು ರಚನೆಯ ಒಳಗೇ ಹೆಣೆದರು. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಪುರಂದರ ವಿಠಲ: ಕತ್ತರಿಸಲು ಹೋದರೆ ಸಾಲೇ ಮುರಿಯುತ್ತದೆ. ಈಗಿನ ಫೋಟೊದವರು ಮೂಲೆಯಲ್ಲಿ ಹೆಸರು ಹಾಕುತ್ತಾರೆ. ಅಗಲದ ಚಿತ್ರವನ್ನು ಚೌಕಕ್ಕೆ ಇಳಿಸುವ ನೆಪದಲ್ಲಿ ಮೂಲೆ ಹೋಗುತ್ತದೆ. ರೀಲ್ಸ್‌ನಲ್ಲಾದರೆ ಹೆಸರಿನ ಮೇಲೆ ಮಸುಕು ಪಟ್ಟಿ, ಅದರ ಮೇಲೆ ಹೊಸ ಲೋಗೊ. ಹೀಗೆ ಹೆಸರು ತೆಗೆಯುವುದೇ ಬೇರೊಂದು ಅಪರಾಧ ಎಂಬುದು ಹಲವರಿಗೆ ಗೊತ್ತಿಲ್ಲ. 2012ರಲ್ಲಿ ಸೇರಿದ 65ಬಿ ಸೆಕ್ಷನ್ ಪ್ರಕಾರ, ಕೃತಿ ಯಾರದೆಂದು ತಿಳಿಸುವ ಗುರುತನ್ನು ಹಕ್ಕಿಲ್ಲದೆ, ಗೊತ್ತಿದ್ದೇ ಅಳಿಸಿದರೆ ಎರಡು ವರ್ಷದ ತನಕ ಸೆರೆ ಮತ್ತು ದಂಡ. ಅಲ್ಲದೆ 57ನೇ ಸೆಕ್ಷನ್ ಲೇಖಕರಿಗೆ ಇನ್ನೊಂದು ಹಕ್ಕು ಕೊಡುತ್ತದೆ: ಇದು ನನ್ನದು ಎಂದು ಹೇಳಿಕೊಳ್ಳುವ, ತಮ್ಮ ಮರ್ಯಾದೆಗೆ ಕುಂದು ಬರುವಂತೆ ಅದನ್ನು ತಿರುಚದಂತೆ ತಡೆಯುವ ಹಕ್ಕು. ಕೃತಿಸ್ವಾಮ್ಯವನ್ನು ಮಾರಿದ ಮೇಲೂ ಅದು ಉಳಿಯುತ್ತದೆ.

ಏನು ಮುಕ್ತ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಬೆದರಿಕೆಯಾದೀತು. ಕೆಆರ್‌ಎಸ್ 124.80 ಅಡಿ ತುಂಬಿತು ಎಂಬುದು ಯಾರ ಸ್ವತ್ತೂ ಅಲ್ಲ. ಅದನ್ನು ವರದಿಗಾರರು ಹೇಳಿದ ವಾಕ್ಯಗಳು, ಗೇಟಿನ ಬಳಿ ತೆಗೆದ ಚಿತ್ರ ಸ್ವತ್ತು. ಬಿಸಿಬೇಳೆ ಬಾತ್‌ಗೆ ಅಕ್ಕಿ ಎಷ್ಟು, ಬೇಳೆ ಎಷ್ಟು ಎಂಬ ಪಟ್ಟಿಗೆ ಹಕ್ಕಿಲ್ಲ. ಹುಣಸೆರಸ ಯಾವಾಗ ಹಾಕಬೇಕು, ಮೊದಲೇ ಹಾಕಿದರೆ ತರಕಾರಿ ಯಾಕೆ ಬೇಯುವುದಿಲ್ಲ ಎಂದು ಒಬ್ಬರು ತಮ್ಮ ಮಾತಿನಲ್ಲಿ ವಿವರಿಸಿದ ಪ್ಯಾರಾಕ್ಕೆ ಇದೆ. ವಿಚಾರ ಎಲ್ಲರದು, ಹೇಳಿದ ರೀತಿ ಹೇಳಿದವರದು. ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಕೊಟ್ಟ ಅಳತೆಗೋಲು ಸರಳ: ಎರಡನ್ನೂ ಓದಿದವರಿಗೆ ಅಥವಾ ನೋಡಿದವರಿಗೆ ಎರಡನೆಯದು ಮೊದಲನೆಯದರ ನಕಲು ಎಂದು ನಿಸ್ಸಂಶಯವಾಗಿ ಅನ್ನಿಸುತ್ತದೆಯೇ? ಈಗ ಎಐಗೆ ಕೊಟ್ಟು ‘ಬೇರೆ ಮಾತಿನಲ್ಲಿ ಬರೆದುಕೊಡು’ ಎನ್ನುವ ಡೆಸ್ಕುಗಳಿಗೆ ಇದೇ ಅಳತೆಗೋಲು ಅನ್ವಯಿಸುತ್ತದೆ. ಪದ ಬದಲಾಗಿರುತ್ತದೆ, ಪ್ಯಾರಾಗಳ ಸಾಲು ಅದೇ, ಉದಾಹರಣೆ ಅದೇ, ಮೂಲದವರು ತಪ್ಪಾಗಿ ಬರೆದ ತಾಲ್ಲೂಕಿನ ಹೆಸರೂ ಅದೇ. ನಕಲು ಸಿಕ್ಕಿಬೀಳುವುದು ಬಹುತೇಕ ತಪ್ಪುಗಳಿಂದಲೇ. ಇಂಗ್ಲಿಷಿನದನ್ನು ಕನ್ನಡಕ್ಕೆ ತಂದರೆ ನನ್ನದಾಯಿತು ಎಂಬ ನಂಬಿಕೆಯೂ ತಪ್ಪು. ಅನುವಾದದ ಹಕ್ಕು ಮೂಲ ಲೇಖಕರದು, 14ನೇ ಸೆಕ್ಷನ್ ಅದನ್ನು ಹೆಸರಿಟ್ಟೇ ಹೇಳುತ್ತದೆ.

ಈಗ ನಿಜವಾದ ಕೆಲಸದ ಮಾತು. ಬರೆದವರು ಯಾರೆಂದು ಹುಡುಕುವುದು ಹೇಗೆ? ಹತ್ತು ನಿಮಿಷ ಸಾಕು, ಆದರೆ ಕನ್ನಡಕ್ಕೆ ಅದರದೇ ತೊಡಕುಗಳಿವೆ. ಮೊದಲ ಸಾಲನ್ನು ಹುಡುಕಬೇಡಿ. ಹಂಚುವ ಕೈಗಳು ಮೊದಲು ಮುಟ್ಟುವುದು ತಲೆ ಮತ್ತು ಬಾಲವನ್ನೇ: ಮೇಲೆ ‘ತಪ್ಪದೆ ಕೊನೆವರೆಗೂ ಓದಿ’ ಸೇರುತ್ತದೆ, ಕೆಳಗೆ ಹೆಸರು ಹಾರುತ್ತದೆ. ನಡುವಿನಿಂದ ಆರೇಳು ಪದಗಳ ತುಂಡು ಆರಿಸಿ, ಊರಿನ ಹೆಸರೋ ಅಪರೂಪದ ಪದವೋ ಇರುವಂಥದ್ದು. ಉದ್ಧರಣ ಚಿಹ್ನೆಗಳ ನಡುವೆ ಇಟ್ಟು ಹುಡುಕಿ. ಆ ತುಂಡಿನಲ್ಲಿ ‘ಫೇಸ್‌ಬುಕ್’, ‘ಸಾಫ್ಟ್‌ವೇರ್’ ಥರದ ಪದ ಬೇಡ. ಅರ್ಧಾಕ್ಷರದ ಪಕ್ಕ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರ ಕೂತಿರುತ್ತದೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಬ್ಬರದು ಬಿಡುತ್ತದೆ, ಆಗ ಒಂದೇ ವಾಕ್ಯ ಹುಡುಕಾಟಕ್ಕೆ ಎರಡಾಗಿ ಕಾಣಬಹುದು. ‘ಮಳೆ ನಿಂತ ಮೇಲೆ ಕೊಟ್ಟಿಗೆಯ ಹಿಂದೆ’ ಎಂಬಂಥ ತುಂಡು ಒಳ್ಳೆಯದು. ಬರಹ ಚಿತ್ರದ ರೂಪದಲ್ಲಿದ್ದರೆ ಗೂಗಲ್ ಲೆನ್ಸ್ ಕನ್ನಡ ಅಕ್ಷರ ಓದಿಕೊಡುತ್ತದೆ, ಒತ್ತಕ್ಷರದಲ್ಲಿ ಎಡವುತ್ತದೆ. ಒತ್ತು ಕಡಿಮೆ ಇರುವ ಸಾಲನ್ನೇ ಎತ್ತಿಕೊಳ್ಳಿ. ಯುನಿಕೋಡ್ ಬರುವ ಮೊದಲು ನುಡಿ, ಬರಹ ಫಾಂಟುಗಳಲ್ಲಿ ಹಾಕಿದ ಹಳೆಯ ಪುಟಗಳು ಹುಡುಕಾಟಕ್ಕೆ ಸಿಗುವುದಿಲ್ಲ, ಅವು ಕಂಪ್ಯೂಟರಿಗೆ ಕನ್ನಡವೇ ಅಲ್ಲ.

ಫೇಸ್‌ಬುಕ್ ಪೋಸ್ಟುಗಳಲ್ಲಿ ಬಹುಪಾಲು ಗೂಗಲ್‌ಗೆ ಕಾಣುವುದಿಲ್ಲ. ಅಲ್ಲಿನ ಹುಡುಕು ಪೆಟ್ಟಿಗೆಯಲ್ಲೇ ಅದೇ ತುಂಡು ಹಾಕಿ, ಪೋಸ್ಟುಗಳನ್ನು ವರ್ಷದ ಪ್ರಕಾರ ಸೋಸಿ ಹಿಂದೆ ಹೋಗಿ. ಎಲ್ಲಕ್ಕಿಂತ ಹಳೆಯದೇ ಮೂಲ ಎಂದು ತಕ್ಷಣ ನಂಬಬೇಡಿ. ಅದರ ಕೆಳಗಿನ ಕಾಮೆಂಟು ಓದಿ. ‘ಇದು ಅವರು ಬರೆದದ್ದಲ್ವಾ ಸರ್’ ಎಂದು ಯಾರೋ ಒಬ್ಬರು ಕೇಳಿರುತ್ತಾರೆ. ಫೋಟೊಗಾದರೆ ಲೆನ್ಸ್ ಜೊತೆಗೆ ಚಿತ್ರ ಹುಡುಕುವ ತಾಣವಾದ ಟಿನ್‌ಐ ಬಳಸಿ, ಅದರಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ಒಂದೇ ಚಿತ್ರದ ನಾಲ್ಕು ಪ್ರತಿ ಸಿಕ್ಕಿದರೆ ಅಂಚು ಅಗಲವಾಗಿರುವುದನ್ನು, ಪಿಕ್ಸೆಲ್ ಹೆಚ್ಚಿರುವುದನ್ನು ನೋಡಿ. ಮೂಲಕ್ಕೆ ಹತ್ತಿರದ್ದು ಅದು. ಕತ್ತರಿಸಿ ಹೋದ ಅಂಚನ್ನು ಮತ್ತೆ ಇದ್ದ ಹಾಗೆಯೇ ತರಲು ಬರುವುದಿಲ್ಲ. ವಾಟ್ಸಾಪಿನಲ್ಲಿ ಫೋಟೊವಾಗಿ ಕಳಿಸಿದ ಚಿತ್ರದಲ್ಲಿ ಕ್ಯಾಮೆರಾ ಬರೆದಿಟ್ಟ ಮಾಹಿತಿ ಉಳಿದಿರುವುದಿಲ್ಲ, ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ಇಷ್ಟಾದರೂ ಸಿಗದಿದ್ದರೆ? ‘ಲೇಖಕರು ಯಾರೋ ಗೊತ್ತಿಲ್ಲ, ಅವರಿಗೊಂದು ನಮನ’ ಎಂದು ಹಾಕಿ ಪ್ರಕಟಿಸುವುದಲ್ಲ. ಲೇಖಕರು ಪತ್ತೆಯಾಗದ ಕೃತಿಗೆ ಅರ್ಜಿ ಹಾಕಿ ಪರವಾನಗಿ ಪಡೆಯುವ ದಾರಿಯನ್ನು 31ಎ ಸೆಕ್ಷನ್ ಇಟ್ಟಿದೆ, ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಒಂದು ಪೋಸ್ಟಿಗಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ. ಹಾಗಿದ್ದರೆ ಬಿಟ್ಟುಬಿಡಿ, ಇಲ್ಲವೇ ಅದರಲ್ಲಿನ ವಿಚಾರವನ್ನು ನಿಮ್ಮದೇ ಮಾತಿನಲ್ಲಿ, ನಿಮ್ಮದೇ ಉದಾಹರಣೆಯೊಂದಿಗೆ ಬರೆಯಿರಿ.

ಲೇಖಕರು ಸಿಕ್ಕರೆ ಕೇಳಿ. ಕೇಳುವ ಮಾತು ಹೀಗಿರಲಿ: ‘ನಮಸ್ಕಾರ. ನೀವು ಇಂಥ ದಿನ ಬರೆದ ಇಂಥ ಬರಹವನ್ನು ನಮ್ಮ ಪುಟದಲ್ಲಿ ಪೂರ್ತಿಯಾಗಿ, ಒಂದಕ್ಷರವೂ ಬದಲಿಸದೆ, ನಿಮ್ಮ ಹೆಸರು ಮತ್ತು ಮೂಲದ ಕೊಂಡಿಯೊಂದಿಗೆ ಹಾಕಿಕೊಳ್ಳಬಹುದೇ? ಪುಟಕ್ಕೆ ಜಾಹೀರಾತಿನ ಆದಾಯ ಇದೆ. ಗೌರವಧನವಾಗಿ ಇಷ್ಟು ಕೊಡಬಲ್ಲೆವು. ಬೇಡವೆಂದರೆ ಬೇಸರವಿಲ್ಲ.’ ಜಾಹೀರಾತಿನ ವಿಷಯ ಮುಚ್ಚಿಡಬೇಡಿ, ಆಮೇಲೆ ಜಗಳವಾಗುವುದು ಅದಕ್ಕೇ. ಉತ್ತರ ಬಾರದಿದ್ದರೆ ಅದು ಒಪ್ಪಿಗೆಯಲ್ಲ. ಒಪ್ಪಿಗೆ ಬಂದರೆ ಆ ಮೆಸೇಜು ಜೋಪಾನ. ಪರವಾನಗಿ ಲಿಖಿತವಾಗಿರಬೇಕು ಎಂದು 30ನೇ ಸೆಕ್ಷನ್ ಹೇಳುತ್ತದೆ, ಫೋನಿನಲ್ಲಿ ‘ಹಾಕ್ಕೊಳ್ಳಿ’ ಎಂದದ್ದು ನಾಳೆ ನೆನಪಿರುವುದಿಲ್ಲ. ಪತ್ರಿಕೆಯಲ್ಲಿ ಬಂದ ಬರಹವಾದರೆ ಪತ್ರಿಕೆಯನ್ನಷ್ಟೇ ಕೇಳಿದರೆ ಸಾಲದು. ಹವ್ಯಾಸಿಗಳು ಬರೆದದ್ದರ ಹಕ್ಕು ಲಿಖಿತವಾಗಿ ಬಿಟ್ಟುಕೊಡದ ಹೊರತು ಅವರಲ್ಲೇ ಇರುತ್ತದೆ. ಇನ್ನು ಬೆಳಿಗ್ಗೆ ಆರಕ್ಕೇ ಇ-ಪೇಪರಿನ ಪಿಡಿಎಫ್ ಹಂಚುವ ಗುಂಪುಗಳಿಗೆ ಒಂದು ಮಾತು ಸಾಕು: 2020ರಲ್ಲಿ ದೆಹಲಿ ಹೈಕೋರ್ಟ್ ಒಂದು ಹಿಂದಿ ದೈನಿಕದ ಪ್ರಕರಣದಲ್ಲಿ ಅಂಥ ಚಾನೆಲ್‌ಗಳನ್ನು ತೆಗೆಯುವಂತೆ, ನಡೆಸುವವರ ವಿವರ ಕೊಡುವಂತೆ ಟೆಲಿಗ್ರಾಂಗೆ ಹೇಳಿತ್ತು. ಅಡ್ಡಹೆಸರಿನ ಹಿಂದೆ ಅಡಗಲು ಆಗುವುದಿಲ್ಲ.

ಕೇಳದೆಯೇ ಬಳಸಬಹುದಾದ ದೊಡ್ಡ ಕಣಜವೊಂದಿದೆ, ನೀವು ಅದನ್ನು ಬಳಸುವುದೇ ಕಡಿಮೆ, ಬಳಸಿದರೂ ತಪ್ಪಾಗಿ. ಕನ್ನಡ ವಿಕಿಪೀಡಿಯದ ಪಠ್ಯ, ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಬಿಡುಗಡೆ ಮಾಡಿದ ಕನ್ನಡ ವಿಶ್ವಕೋಶದ ಸಂಪುಟಗಳು, ನಿರಂಜನರ ಹಲವು ಕೃತಿಗಳು, ವಿಕಿಪೀಡಿಯದ ಸೋದರ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿರುವ ಕೋಟ್ಯಂತರ ಚಿತ್ರಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ಅಂದರೆ ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದೆಂದು ಹಕ್ಕುದಾರರೇ ಮೊದಲೇ ಕೊಟ್ಟ ಒಪ್ಪಿಗೆಯಲ್ಲಿ. ಪರವಾನಗಿ ಇದೆ ಎಂದರೆ ಷರತ್ತೂ ಇದೆ. ಬಿವೈ ಎಂದರೆ ಹೆಸರು ಹಾಕಬೇಕು. ಎಸ್ಎ ಎಂದರೆ ನೀವು ಬದಲಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಎನ್‌ಸಿ ಇದ್ದರೆ ವ್ಯಾಪಾರದ ಬಳಕೆ ಕೂಡದು, ಎನ್‌ಡಿ ಇದ್ದರೆ ಬದಲಿಸಿ ಹಂಚುವಂತಿಲ್ಲ, ಅನುವಾದವೂ ಬದಲಾವಣೆಯೇ. ಹಳೇಬೀಡಿನ ಒಂದು ಶಿಲ್ಪದ ಚಿತ್ರ ತೆಗೆದುಕೊಂಡು ‘ಕೃಪೆ: ವಿಕಿಪೀಡಿಯ’ ಎಂದು ಹಾಕುವುದು ಮತ್ತೆ ಅಂಚೆ ಇಲಾಖೆಯ ಕಥೆಯೇ. ಚಿತ್ರದ ಮೇಲೆ ಒತ್ತಿ, ಕಾಮನ್ಸ್‌ನ ಪುಟಕ್ಕೆ ಹೋಗಿ. ಅಲ್ಲಿ ತೆಗೆದವರ ಹೆಸರೂ ಪರವಾನಗಿಯೂ ಇರುತ್ತದೆ. ಆಗ ಸಾಲು ಹೀಗಾಗುತ್ತದೆ: ‘ಚಿತ್ರ: ತೆಗೆದವರ ಹೆಸರು, ವಿಕಿಮೀಡಿಯ ಕಾಮನ್ಸ್, ಸಿಸಿ ಬಿವೈ-ಎಸ್ಎ 4.0, ಎಡ ಅಂಚು ಕತ್ತರಿಸಲಾಗಿದೆ.’ ಹೆಸರಿಗೆ ಚಿತ್ರದ ಪುಟದ ಕೊಂಡಿ, ಪರವಾನಗಿಗೆ ಅದರ ಕೊಂಡಿ. ವಿಕಿಪೀಡಿಯದ ಪಠ್ಯಕ್ಕಾದರೆ ಆ ಲೇಖನದ ಕೊಂಡಿ ಕೊಟ್ಟರೆ ಸಾಕು, ಬರೆದವರೆಲ್ಲರ ಪಟ್ಟಿ ಅದರ ಇತಿಹಾಸದ ಪುಟದಲ್ಲಿ ಇರುತ್ತದೆ. ಗೂಗಲ್ ಚಿತ್ರ ಹುಡುಕಾಟದಲ್ಲೂ ಬಳಕೆಯ ಹಕ್ಕಿನ ಪ್ರಕಾರ ಸೋಸುವ ಸೌಲಭ್ಯವಿದೆ. ಅದು ಸೂಚನೆ ಮಾತ್ರ, ಮೂಲ ಪುಟ ತೆರೆದು ನೋಡಲೇಬೇಕು. 4.0 ಆವೃತ್ತಿಯಲ್ಲಿ ಒಂದು ದಾಕ್ಷಿಣ್ಯವಿದೆ: ಷರತ್ತು ಮೀರಿದ್ದು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಪರವಾನಗಿ ತಾನಾಗಿ ಮರಳುತ್ತದೆ.

ಬರೆಯುವವರಿಗೂ ಒಂದೆರಡು ಮಾತು, ಈ ಪತ್ರ ಅವರ ಕಣ್ಣಿಗೂ ಬೀಳುವುದರಿಂದ. ನಿಮ್ಮ ಬರಹದ ನಕಲು ಕಾಣಿಸಿದ ಕೂಡಲೇ ಫೇಸ್‌ಬುಕ್ ಗೋಡೆಯ ಮೇಲೆ ಕೂಗಾಡಬೇಡಿ. ಎದುರಿನವರು ಅಳಿಸಿಬಿಡುತ್ತಾರೆ, ಪುರಾವೆ ಹೋಗುತ್ತದೆ. ಮೊದಲು ಪೂರ್ತಿ ವಿಳಾಸ, ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್, ಸಾಧ್ಯವಾದರೆ ವೆಬ್ ಪುಟಗಳ ಪ್ರತಿ ಕಾದಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಆ ಪುಟ ಉಳಿಸಿ. ಆಮೇಲೆ ಅಡ್ಮಿನ್‌ಗೆ ಮೆಸೇಜು. ಕೇಳದಿದ್ದರೆ ಆ ಜಾಲತಾಣಕ್ಕೆ ಲಿಖಿತ ದೂರು. 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಂತೆ ದೂರು ಸರಿಯಾಗಿದ್ದರೆ 36 ಗಂಟೆಯಲ್ಲಿ ಅವರು ಕ್ರಮ ಕೈಗೊಳ್ಳಬೇಕು. ನೀವು 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ದೂರಿನಲ್ಲಿ ಕೃತಿಯ ವಿವರ, ಅದು ನಿಮ್ಮದೆನ್ನಲು ಆಧಾರ, ನಕಲು ಇರುವ ಜಾಗ ಇರಲೇಬೇಕು. ಯೂಟ್ಯೂಬಿಗೆ ದೂರು ಕೊಡುವಾಗ ಏಳು ದಿನದ ಗಡುವು ಕೊಡುವ ಆಯ್ಕೆ ಇರುತ್ತದೆ, ಅದನ್ನೇ ಆರಿಸಿ. ತಿಳಿಯದೆ ಮಾಡಿದವರು ಅಷ್ಟರಲ್ಲಿ ತೆಗೆದರೆ ಅವರ ಚಾನೆಲ್ ಮೇಲೆ ಸ್ಟ್ರೈಕ್, ಅಂದರೆ ಹಕ್ಕು ಮೀರಿದ್ದಕ್ಕೆ ಯೂಟ್ಯೂಬ್ ಹಾಕುವ ತಪ್ಪಿನ ಗುರುತು, ಬೀಳುವುದಿಲ್ಲ. ಕೋರ್ಟಿಗೆ ಹೋದರೆ ಸ್ಕ್ರೀನ್‌ಶಾಟಿಗೆ ಪ್ರಮಾಣಪತ್ರ ಬೇಕು. ಹಿಂದೆ ಅದು ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈ 1ರಿಂದ ಸಾಕ್ಷ್ಯ ಅಧಿನಿಯಮದ 63. ಕೃತಿಸ್ವಾಮ್ಯ ಕಾಯ್ದೆಯಲ್ಲೂ 63 ಮತ್ತು 65ಬಿ ಇರುವುದರಿಂದ ವಕೀಲರೇ ಒಮ್ಮೆ ತಡವರಿಸುತ್ತಾರೆ.

ಚಾನೆಲ್‌ನವರು ಕ್ಲೇಮಿಗೂ ಸ್ಟ್ರೈಕಿಗೂ ಇರುವ ವ್ಯತ್ಯಾಸ ತಿಳಿದಿರಬೇಕು. ಕ್ಲೇಮ್ ಬಂದರೆ ಹೆಚ್ಚಾಗಿ ವಿಡಿಯೊ ಉಳಿಯುತ್ತದೆ, ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ. ಸ್ಟ್ರೈಕ್ ಬಂದರೆ ವಿಡಿಯೊವೇ ಹೋಗುತ್ತದೆ. 90 ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಸ್ಟ್ರೈಕ್ ಬಿದ್ದ ಮೇಲೆ ವಿಡಿಯೊ ಅಳಿಸಿದರೆ ಅದು ಹೋಗುವುದಿಲ್ಲ. ದೂರು ಕೊಟ್ಟವರ ಜೊತೆ ಮಾತಾಡಿ ಹಿಂತೆಗೆಸುವುದೇ ಹತ್ತಿರದ ದಾರಿ. ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಆರು ತಿಂಗಳಿಂದ ಮೂರು ವರ್ಷದ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಹೇಳುತ್ತದೆ. ಇದರಡಿ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು, ಜಾಮೀನು ತಾನಾಗಿ ಸಿಗುವುದಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಕೊನೆಗೆ, ಈಗಾಗಲೇ ನಿಮ್ಮ ಪುಟದಲ್ಲಿರುವ ಹಳೆಯ ಪೋಸ್ಟುಗಳ ಗತಿ. ಎಲ್ಲವನ್ನೂ ಒಂದೇ ದಿನ ಸರಿಮಾಡಲು ಹೊರಟರೆ ಮೂರನೇ ದಿನ ಕೈಬಿಡುತ್ತೀರಿ. ಹೆಚ್ಚು ಹಂಚಿಕೆಯಾದ ಇಪ್ಪತ್ತರಿಂದ ಶುರುಮಾಡಿ, ಯಾಕೆಂದರೆ ಹೆಸರಿಲ್ಲದೆ ಹೆಚ್ಚು ದೂರ ಹೋಗಿರುವುದು ಅವೇ. ಸಿಕ್ಕವರ ಒಪ್ಪಿಗೆ ಕೇಳಿ, ಒಪ್ಪಿದರೆ ಹೆಸರನ್ನು ಪೋಸ್ಟಿನ ಮೊದಲ ಸಾಲಿಗೆ ತನ್ನಿ. ಕೊನೆಯಲ್ಲಿಟ್ಟರೆ ‘ಇನ್ನಷ್ಟು ಓದಿ’ಯ ಹಿಂದೆ ಅಡಗುತ್ತದೆ, ಮುಂದೆ ಕಾಪಿ ಮಾಡುವವರು ಅಲ್ಲಿಂದಲೇ ಕತ್ತರಿಸುತ್ತಾರೆ. ಒಪ್ಪದವರದನ್ನೂ ಸಿಗದವರದನ್ನೂ ತೆಗೆಯಿರಿ. ಯಾರಾದರೂ ‘ಇದು ನನ್ನದು’ ಎಂದು ಕಾಮೆಂಟು ಹಾಕಿದರೆ ಅದನ್ನು ಅಳಿಸಿ ಅವರನ್ನು ಬ್ಲಾಕ್ ಮಾಡುವ ಬದಲು, ಅದೇ ಪೋಸ್ಟಿನಲ್ಲಿ ಈ ಸಾಲನ್ನು ಮೇಲೆ ಸೇರಿಸಿ: ‘ತಿದ್ದುಪಡಿ: ಇದನ್ನು ಬರೆದವರು ಇಂಥವರು. ಮೊದಲು ಹೆಸರಿಲ್ಲದೆ ಪ್ರಕಟಿಸಿದ್ದೆವು, ತಪ್ಪು ನಮ್ಮದು. ಮೂಲ ಬರಹದ ಕೊಂಡಿ ಇಲ್ಲಿದೆ.’

ಇಂತಿ,
ಕನ್ನಡದಲ್ಲಿ ಬರೆಯುವವರ, ಅನುವಾದಿಸುವವರ, ಚಿತ್ರ ತೆಗೆಯುವವರ ಪರವಾಗಿ